ತಾರಸಿಯ ಮೇಲಿನ ಆರನೇ ಕಂಬ

ಸೊಸೆಗೆ ಓದು ಜಾಸ್ತಿ, ಅತ್ತೆಗೆ ಬಾಯಿ. ಆದರೂ ಇಬ್ಬರೂ ಒಂದೇ ಮನೆಯಲ್ಲಿ ಚೆನ್ನಾಗಿಯೇ ಇದ್ದರು. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಸಿಡಿಲು ಎಲ್ಲಿ ಬಿತ್ತೆಂದು ಪತ್ತೆ ಹಚ್ಚುವುದು ಸೊಸೆಯ ಕೆಲಸ. ಸಿಡಿಲು ಹೊಡೆದಾಗ ರೇಡಿಯೊ ಅಲೆಯೊಂದು ಏಳುತ್ತದಲ್ಲ, ಆರು ಊರುಗಳಲ್ಲಿ ನಿಲ್ಲಿಸಿದ ಕಂಬಗಳು ಅದು ತಮ್ಮನ್ನು ಮುಟ್ಟಿದ ಗಳಿಗೆಯನ್ನು ಗುರುತು ಹಾಕಿಕೊಳ್ಳುತ್ತವೆ. ಯಾರಿಗೆ ಮೊದಲು ಮುಟ್ಟಿತು, ಯಾರಿಗೆ ಆಮೇಲೆ ಅಂತ ಹೋಲಿಸಿದರೆ ಜಾಗ ಸಿಕ್ಕಿತು. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ಮುನ್ನೂರು ಮೀಟರ್ ಎಡವಟ್ಟು! ಆರನೇ ಕಂಬವನ್ನು ಅವಳು ಎರಡು ವರ್ಷ ಆಫೀಸಿನ ಸಾಹೇಬರ ತಲೆ ತಿಂದು ತನ್ನ ಮನೆಯ ತಾರಸಿ ಮೇಲೇ ಹಾಕಿಸಿಕೊಂಡಿದ್ದಳು.

ಈಗ ಅದೇ ಕೈಕೊಟ್ಟಿತ್ತು. ಅದರ ಗಡಿಯಾರಕ್ಕೆ ಉಪಗ್ರಹದಿಂದ ಬರಬೇಕಾದ ಸಮಯ ಮೂರು ದಿನದಿಂದ ನಾಪತ್ತೆ. "ನಾಳೆ ಸಂಜೆಯೊಳಗೆ ಸರಿಹೋಗದಿದ್ರೆ ಕಂಬ ಕೀಳಿಸ್ತೀನಿ" ಅಂದುಬಿಟ್ಟರು ಸಾಹೇಬರು. ಕೆಳಗೆ ಕೋಣೆಯಲ್ಲಿದ್ದ ಗಡಿಯಾರದ ಪೆಟ್ಟಿಗೆ ಬದಲಾಯಿಸಿದಳು, ಪ್ರೋಗ್ರಾಂ ಎರಡು ಸಲ ಹೊಸದಾಗಿ ಹಾಕಿದಳು. ಊಹೂಂ. ಅಳು ಬರುವುದೊಂದು ಬಾಕಿ.

"ಗುಡುಗು ಕೇಳಿದ್ರೆ ಯಾವ ಕಡೆ ಅಂತ ನಾನೇ ಹೇಳ್ತೀನಲ್ಲೇ, ಸಂಬಳಾನೂ ಬೇಡ" ಅಂದರು ಅತ್ತೆ.

"ಅತ್ತೆ, ಸುಮ್ನಿರಿ."

ಮಾರನೇ ದಿನ ಮಧ್ಯಾಹ್ನ, ಬೇರೆ ದಾರಿ ಕಾಣದೆ, ತಾರಸಿ ಹತ್ತಿದಳು. ಕಂಬದ ಪಕ್ಕ, ಸಮಯ ಹಿಡಿಯುವ ಅಣಬೆಯಂಥ ಆಂಟೆನಾದ ಮೇಲೆ, ದೊಡ್ಡ ಸ್ಟೀಲ್ ಪಾತ್ರೆಯೊಂದು ಬೋರಲಾಗಿ ಕೂತಿತ್ತು. ಅದಕ್ಕೊಂದು ಹಗ್ಗ, ಹಗ್ಗಕ್ಕೆ ಮೂರು ಗಂಟು, ಮೇಲೊಂದು ಇಟ್ಟಿಗೆ. ಉಪಗ್ರಹವೇ ಇಳಿದುಬಂದು ಬಾಗಿಲು ತಟ್ಟಿದ್ದರೂ ಆ ಆಂಟೆನಾಕ್ಕೆ ಕೇಳುತ್ತಿರಲಿಲ್ಲ.

"ಅತ್ತೇ!"

ಅತ್ತೆ ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು, ಉಸ್ಸಪ್ಪಾ ಅನ್ನುತ್ತ ಬಂದರು. ಆ ಮೊಣಕಾಲಿಗೆ ಮೆಟ್ಟಿಲೇ ಕೂಡದು ಅಂದಿದ್ದರು ಡಾಕ್ಟರು.

"ಅವತ್ತು ಮಳೆ ಬಂತಲ್ಲ, ನೆಂದು ಕೆಟ್ರೆ ನಿನ್ನ ಕೆಲಸಕ್ಕೆ ಕುತ್ತು ಅಂತ ಮುಚ್ಚಿದೆ. ದಿನಾ ಬಂದು ಗಂಟು ನೋಡ್ಕೊಂಡು ಹೋಗ್ತೀನಿ. ಯಾಕೆ, ಏನಾಯ್ತೇ?"

ಬೈಯಲು ಹೊರಟ ಸೊಸೆ ಒಮ್ಮೆ ಆ ಮೊಣಕಾಲು ನೋಡಿದಳು. ಇಟ್ಟಿಗೆ ಇಳಿಸಿ, ಗಂಟು ಬಿಚ್ಚಿ ಪಾತ್ರೆ ಎತ್ತಿದಳು. ಹತ್ತು ನಿಮಿಷಕ್ಕೆ ಗಡಿಯಾರ ಸರಿಹೋಯಿತು, ಹಿಂದೆಯೇ ಸಾಹೇಬರ ಫೋನೂ ಬಂತು.

"ದಾರಿಗೆ ಬಂತಲ್ಲಮ್ಮಾ ನಿಮ್ಮ ಕಂಬ! ತಪ್ಪು ಯಾರದು?"

ಅತ್ತೆ ಪಾತ್ರೆಯನ್ನು ಎದೆಗವಚಿಕೊಂಡು ನಿಂತಿದ್ದರು. ಎಲ್ಲ ಅರ್ಥವಾಗಿ ಮುಖ ಸಣ್ಣದಾಗಿತ್ತು.

"ನಂದೇ ಸಾರ್" ಅಂದಳು ಸೊಸೆ. "ಮೂರು ದಿನ ಈ ಮನೇಲಿ ಮೆಟ್ಟಿಲು ಹತ್ತದೇ ಇದ್ದವಳು ನಾನೊಬ್ಬಳೇ."