ನಾಲ್ಕು ಮೂಟೆ ಉಪ್ಪು

ಅರಿಜೋನಾದ ನಮ್ಮ ನಿವೃತ್ತರ ಬಡಾವಣೆಯಲ್ಲಿ ಹಿಮದ ವಿಷಯ ಬಂದರೆ ಕೊನೆಯ ಮಾತು ನನ್ನದೇ. ಮಿನೆಸೋಟಾದಲ್ಲಿ ಮೂವತ್ತೊಂದು ವರ್ಷ ಹಿಮ ತಳ್ಳುವ ಲಾರಿ ಓಡಿಸಿದ ಆರ್ವಿಡ್ ಹಾಲ್ವರ್ಸನ್ ನಾನು. ಹಾಗಂತ ನಾನೇ ಹೇಳಿಕೊಂಡದ್ದು. ನಿಜವೆಂದರೆ ಆ ಲಾರಿಗಳ ಕಚೇರಿಯಲ್ಲಿ ಹೀಟರ್ ಪಕ್ಕ ಕೂತು, ಯಾವ ರಸ್ತೆ ತೆರೆದಿದೆ, ಯಾವುದು ಮುಚ್ಚಿದೆ ಎಂದು ಫೋನಿನಲ್ಲಿ ಹೇಳುತ್ತಿದ್ದೆ. ಲಾರಿ ಹತ್ತಿದ್ದು ಒಂದೇ ಸಲ, ನಿವೃತ್ತಿಯ ದಿನ, ಫೋಟೋಗೆ.

ಪಕ್ಕದ ಮನೆಯ ಕೊರಿನಾ ಮೂರು ವರ್ಷದಿಂದ ಈ ಬಡಾಯಿ ಕೇಳುತ್ತಿದ್ದಳು. ಮರುಭೂಮಿಯಲ್ಲೇ ಹುಟ್ಟಿದ ಆಕೆ ಎಪ್ಪತ್ತೆಂಟು ವರ್ಷದಲ್ಲಿ ಹಿಮ ಕಂಡವಳಲ್ಲ. ಕಣ್ಣಿಗೆ ಪೊರೆ ಬಂದಿದ್ದರಿಂದ ನನ್ನನ್ನೂ ಸರಿಯಾಗಿ ಕಂಡವಳಲ್ಲ, ಅದು ನನಗೆ ಅನುಕೂಲವೇ ಆಗಿತ್ತು. ನಿನ್ನೆ ಒಂದು ಕಣ್ಣಿನ ಪೊರೆ ತೆಗೆದರು. ಇವತ್ತು ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಎರಡು ಬೆರಳು ಹಿಮ!

ಏಳಕ್ಕೇ ಫೋನು. "ರೀ ಆರ್ವಿಡ್, ಹಿಮ ಬಿದ್ದಿದ್ಯಂತೆ! ಈ ಹಳೇ ಕಣ್ಣಿಗೆ ಹಿಮಾನೂ ಒಂದೇ, ಗೋಡೆನೂ ಒಂದೇ. ಒಂಬತ್ತಕ್ಕೆ ಡಾಕ್ಟ್ರು ಪಟ್ಟಿ ಬಿಚ್ತಾರೆ. ಕರಗೋದ್ರೊಳಗೆ ಬಂದು ನನ್ನ ಅಂಗಳ ನೋಡ್ಬೇಕು. ಬಸ್ಸು ಬರಲ್ವಂತೆ. ಇದ್ರಲ್ಲಿ ಗಾಡಿ ಓಡ್ಸೋ ಧೈರ್ಯ ನಿಮಗೊಬ್ರಿಗೇ."

"ಮೂವತ್ತೊಂದು ವರ್ಷದ ಅನುಭವ ಕೊರಿನಾ," ಅಂದೆ. ಫೋನಿಟ್ಟು ಕಿಟಕಿಯಿಂದ ಆಕೆಯ ಅಂಗಳ ನೋಡಿದೆ.

ಆಕೆ ಜಾರಿ ಬಿದ್ದರೆ? ಉಪ್ಪು ಹಾಕಿದರೆ ಹಿಮ ಕರಗುತ್ತದೆಂದು ಚಾಲಕರು ಹೇಳುತ್ತಿದ್ದುದು ನೆನಪಿತ್ತು. ಎಷ್ಟು ಉಪ್ಪು ಎಂದು ನಾನು ಕೇಳಿರಲಿಲ್ಲ. ಗಡಸು ನೀರನ್ನು ಮೆದು ಮಾಡುವ ಯಂತ್ರಕ್ಕೆಂದು ತಂದಿಟ್ಟಿದ್ದ ನಾಲ್ಕು ಮೂಟೆ ಉಪ್ಪನ್ನೂ ಆಕೆಯ ಅಂಗಳಕ್ಕೆ ಸುರಿದೆ, ಬಾಗಿಲಿನಿಂದ ಗೇಟಿನವರೆಗೆ, ಒಂದು ಮೂಲೆ ಬಿಡದೆ.

ಅರ್ಧ ಮೈಲಿ ದೂರದ ಆಸ್ಪತ್ರೆಗೆ, ಬಡಾವಣೆಯೊಳಗೆ ಓಡಾಡಲು ಇಟ್ಟಿದ್ದ ನನ್ನ ಪುಟ್ಟ ಗಾಲ್ಫ್ ಗಾಡಿಯಲ್ಲಿ, ಮುಕ್ಕಾಲು ಗಂಟೆ ಹಿಡಿಯಿತು. ವಾಕರ್ ಹಿಡಿದ ಅಜ್ಜಿಯೊಬ್ಬರು ನಮ್ಮನ್ನು ಹಿಂದೆ ಹಾಕಿದರು.

ಪಟ್ಟಿ ಬಿಚ್ಚಿದೊಡನೆ ಕೊರಿನಾ ಮೊದಲು ನೋಡಿದ್ದು ನನ್ನನ್ನು. "ಅಯ್ಯೋ ದೇವ್ರೇ, ನಿಮ್ಮ ದನಿಗೆ ಇಷ್ಟು ವಯಸ್ಸಾಗಿಲ್ಲ ಕಣ್ರೀ!" ಮೊದಲ ಹಿಮ ತನ್ನ ಅಂಗಳದ್ದೇ ಆಗಬೇಕೆಂದು ವಾಪಸು ಬರುವಾಗ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕೂತಳು.

ಗೇಟಿನಲ್ಲಿ ಕಣ್ಣು ತೆರೆದಳು. ಬರೀ ಕೆಸರು, ಜಲ್ಲಿಕಲ್ಲು, ಲೋಳೆಸರದ ಗಿಡ. ಬೀದಿಯ ಹಿಮವನ್ನು ಬಿಸಿಲು ನುಂಗಿತ್ತು. ಮರದ ನೆರಳಲ್ಲಿ ಮಧ್ಯಾಹ್ನದವರೆಗೂ ಉಳಿಯಬೇಕಿದ್ದ ಆಕೆಯ ಹಿಮವನ್ನು ನಾನು ನುಂಗಿದ್ದೆ.

ಕೊರಿನಾ ಬಗ್ಗಿ ಬೆರಳಿಗೆ ಹತ್ತಿದ್ದನ್ನು ನೆಕ್ಕಿ ನೋಡಿದಳು. "ಉಪ್ಪು! ನನ್ನ ಲೋಳೆಸರಾನ ಉಪ್ಪಿನಕಾಯಿ ಹಾಕಿದ್ದೀರಲ್ರೀ! ಲಾರಿ ಓಡ್ಸಿದೋರು ಹೀಗ್ ಮಾಡ್ತಾರಾ?"

ಉಪ್ಪು ತಿಂದವನು ನೀರು ಕುಡಿಯಲೇಬೇಕು. "ನಾನು ಲಾರಿ ಓಡಿಸೇ ಇಲ್ಲ ಕೊರಿನಾ. ಫೋನ್ ಎತ್ತೋ ಗುಮಾಸ್ತ." ನಾಚಿಕೆಯಿಂದ ಕುಗ್ಗಿಹೋದೆ. ಎಪ್ಪತ್ತೆಂಟು ವರ್ಷಕ್ಕೊಮ್ಮೆ ಬಂದದ್ದನ್ನು ಈಕೆಯಿಂದ ಕಿತ್ತುಕೊಂಡಿದ್ದೆ.

ಹೊಸ ಕಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದವಳು ಏನನ್ನೋ ಕಂಡು ನನ್ನನ್ನು ಸರಿಸಿ ನಡೆದಳು. ನನ್ನ ಮನೆಯ ಉತ್ತರದ ಗೋಡೆಯ ನೆರಳಲ್ಲಿ ಎದೆಯೆತ್ತರದ ಕಳ್ಳಿ. ನಿನ್ನೆ, ಚಳಿಗೆ ಸುಟ್ಟುಹೋಗುತ್ತೆ, ತುದಿಗಳಿಗೆ ಥರ್ಮೋಕೋಲ್ ಲೋಟ ಬೋರಲು ಹಾಕಿ ಎಂದು ಆಕೆ ಹೇಳಿದಾಗ, ಇದೂ ಒಂದು ಚಳಿಯಾ ಎಂದು ನಕ್ಕಿದ್ದೆ. ಆದರೂ ಆಕೆಯ ಮಾತಿಗಾಗಿ ಹಾಕಿದ್ದೆ. ಒಂದೊಂದು ಲೋಟದ ಮೇಲೂ ಒಂದೊಂದು ಹಿಡಿ ಹಿಮ ಕೂತಿತ್ತು.

ಕೊರಿನಾ ಒಂದು ಲೋಟವನ್ನು ಮೆಲ್ಲಗೆ ಇಳಿಸಿಕೊಂಡಳು. ತುಂಬ ಹೊತ್ತು ನೋಡಿದಳು. "ಮೂರು ವರ್ಷ ತಲೆ ತಿಂದ್ರಿ. ಹೊಳೆಯುತ್ತೆ ಅಂತ ಒಂದ್ಸಲಾನೂ ಹೇಳ್ಲಿಲ್ಲ."

"ನಾನೂ ಕಿಟಕಿಯಿಂದಾನೇ ನೋಡಿದ್ದು."

ಆಕೆ ಅಂಗೈಗೆ ಸುರಿದುಕೊಂಡ ಹಿಮ ನೀರಾಯಿತು. ಬರಿದಾದ ಲೋಟವನ್ನು ಕಿವಿಗಿಟ್ಟುಕೊಂಡಳು. "ಹಲೋ, ಗುಮಾಸ್ತ್ರೇ? ಕೊರಿನಾ ಮನೆ ದಾರಿ ತೆರೆದಿದ್ಯಾ?"

ನಾನೂ ಕೈಯನ್ನು ಕಿವಿಗಿಟ್ಟುಕೊಂಡೆ. ಈ ಕೆಲಸದಲ್ಲಿ ನನಗೆ ನಿಜವಾಗಿಯೂ ಮೂವತ್ತೊಂದು ವರ್ಷದ ಅನುಭವವಿತ್ತು.

"ತೆರೆದಿದೆ ಮೇಡಂ," ಅಂದೆ. "ನಾಲ್ಕು ಮೂಟೆ ಉಪ್ಪು ಹಾಕಿದ್ದೀವಿ."