ರೋಮನ್ ನಾಣ್ಯದ ಕಿಲುಬು

ನಾಸಿಕ್ ರೋಡ್ ಸ್ಟೇಷನ್ನಿನ ಎದುರು ಹೋಟೆಲು ನಡೆಸುವ ಸದಾನಂದರಿಗೆ ಕಂಡರಾಗದ್ದು ಒಂದೇ, ಕಿಲುಬು. ಪಾತ್ರೆಯ ಮೇಲೆ ಚೂರು ಹಸಿರು ಕಂಡರೆ ಅಡಿಗೆಯವರಿಗೆಲ್ಲ ಮಂಗಳಾರತಿ. ಗಲ್ಲಾದ ಪಕ್ಕದ ಹಿತ್ತಾಳೆ ದೀಪವನ್ನಂತೂ ಬೇರೆಯವರ ಕೈಗೇ ಕೊಡರು. ಬೆಳಿಗ್ಗೆ ತಾವೇ ಕೂತು ಹುಣಸೆಹುಳಿ, ಬೂದಿ ಹಾಕಿ ತಿಕ್ಕಬೇಕು. ಇಂಥ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಕಿಲುಬಿನ ಮೇಲೆಯೇ ಪ್ರೀತಿ ಹುಟ್ಟಿತು ಎಂದರೆ ನಂಬುತ್ತೀರಾ? ಹುಟ್ಟಿತು, ನೋಡಿ.

ಆ ಹುಚ್ಚು ಹಿಡಿಸಿದವರು ಸಂಭಾಜಿನಗರದ ಶಬಾನಾ ಬೇಗಂ. ಬೀದರ ಕಡೆಯವರು, ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಹೋಟೆಲಿನಲ್ಲಿ ಕನ್ನಡ ಕೇಳಿ ಪರಿಚಯವಾದವರು. ಅವರ ತಂದೆ ಕೂಡಿಟ್ಟ ರೋಮನ್ ಕಂಚಿನ ನಾಣ್ಯಗಳು ಒಂದು ಪೆಟ್ಟಿಗೆಯಲ್ಲಿದ್ದವು. ಒಂದು ಎಳೆ ಬಾಳೆಲೆಯ ಹಸಿರು, ಇನ್ನೊಂದು ಸುಟ್ಟ ಬೆಲ್ಲದ ಕಂದು, ಮತ್ತೊಂದರ ಹಸಿರಿನೊಳಗೆ ಕುಂಕುಮದಂಥ ಚುಕ್ಕೆ.

"ಯಾವ ಮಣ್ಣಾಗ ಮಲಗಿತ್ತೋ ಆ ಮಣ್ಣು ಕೊಟ್ಟ ಬಣ್ಣ ಅದರಿ ಇದು. ತೊಳದ್ರ ಹೋಯ್ತು, ತಿರುಗಿ ಬರಂಗಿಲ್ಲ," ಎನ್ನುತ್ತಿದ್ದರು ಬೇಗಂ.

ಸದಾನಂದರ ಮನಸ್ಸು ಆ ಕುಂಕುಮದ ಚುಕ್ಕೆಯ ನಾಣ್ಯದ ಮೇಲೇ. ಯಾವ ಮಣ್ಣು? ಯಾವ ಹೊಳೆಯ ದಂಡೆ? ಯಾರ ಸೊಂಟದಿಂದ ಜಾರಿತ್ತು? ಮುಂದೆ ರಾಜನ ಮುಖ ಅರೆಬರೆ ಕಾಣುತ್ತಿತ್ತು, ಹಿಂದೆ ಬರೀ ಹಸಿರು. ನಾಲ್ಕು ದಿನ ಮನೆಯಲ್ಲಿಟ್ಟುಕೊಂಡು ನೋಡುತ್ತೇನೆ ಎಂದು ಗೋಗರೆದರು. ಒಂದು ನಾಣ್ಯವನ್ನೂ ಹೊಸ್ತಿಲು ದಾಟಿಸದ ಬೇಗಂ, "ನೀವಂತ ಕೊಡ್ಲಿಕತ್ತೀನಿ," ಎಂದು ಹತ್ತಿಯಲ್ಲಿ ಸುತ್ತಿ ಕೊಟ್ಟರು.

ಸದಾನಂದರು ಮನೆಗೆ ಬಂದವರೇ, ಮುಟ್ಟಿದರೆ ಜಾಗ್ರತೆ ಎಂದು ಹೆಂಡತಿ ಮನೋರಮಾಗೆ ತಾಕೀತು ಮಾಡಿದರು. "ನಿಮ್ಮ ಕಿಲುಬು ನನಗೆಂತಕ್ಕೆ ಮಾರಾಯ್ರೆ!" ಎಂದು ಅವರು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ದೀಪ ತಿಕ್ಕಿ ಮುಗಿಸಿದ ಸದಾನಂದರು ಬಿಸಿಲಲ್ಲಿ ನೋಡೋಣವೆಂದು, ಜೊತೆಗೆ ತಂದಿದ್ದ ನಾಣ್ಯವನ್ನು ಎತ್ತಿಕೊಂಡರು. ಅಷ್ಟರಲ್ಲಿ ಲಾಸಲಗಾಂವ್‌ನ ಈರುಳ್ಳಿ ವ್ಯಾಪಾರಿಯ ಫೋನು. ಕಳಿಸಿದ ಮೂಟೆಯೆಲ್ಲ ಕೊಳೆತದ್ದು ಎಂದು ಜಗಳ ಹತ್ತಿಕೊಂಡಿತು. ಬೆರಳಲ್ಲಿ ಹುಳಿ, ಬೂದಿ ಹಾಗೇ ಇತ್ತು. ಬಾಯಿ ಜಗಳವಾಡಿತು, ಹೆಬ್ಬೆರಳು ತನ್ನ ಪಾಡಿಗೆ ತಿಕ್ಕಿತು.

ಫೋನಿಟ್ಟು ನೋಡಿದರೆ ರಾಜನ ಮೂಗು ಫಳಫಳ! ಅಲ್ಲಿಗೇ ಬಿಟ್ಟಿದ್ದರೆ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಹಾಳಾದ ಕುತೂಹಲ ಬಿಡಬೇಕಲ್ಲ! ಮುಂದೆ ಇಷ್ಟು ಚಂದ ಇದ್ದರೆ ಹಿಂದೆ ಏನಿರಬಹುದು? ಅತ್ತಿತ್ತ ನೋಡಿ, ನಾಣ್ಯ ತಿರುವಿ ಇನ್ನಷ್ಟು ಹುಳಿ ಹಾಕಿದರು. ಎರಡು ಗೋಪುರ, ನಡುವೆ ಬಾಗಿಲು, ಮೇಲೊಂದು ನಕ್ಷತ್ರ ಕಂಡವು. ಒಂದು ಗಳಿಗೆ ಖುಷಿಯೋ ಖುಷಿ. ಆಮೇಲೆ ಅಂಗೈಯಲ್ಲಿ ನಾಣ್ಯ ಹೊಸ ಚಮಚದ ಹಾಗೆ ಹೊಳೆಯುವುದನ್ನು ನೋಡಿ ಅಳು ಬಂತು.

"ಉಪ್ಪು ಮಜ್ಜಿಗೆಯಲ್ಲಿ ಹಾಕಿಡಿ, ಹಸಿರಾಗ್ತದೆ. ಅವರಿಗೆಂತ ಗೊತ್ತಾಗ್ತದೆ?" ಎಂದರು ಮನೆಯಲ್ಲಿ ಮನೋರಮಾ. ಸದಾನಂದರಿಗೂ ಹೌದೆನಿಸಿತು, ಆದರೆ ಹಾಕಲಿಲ್ಲ. ನಾಣ್ಯ ಹಿಂದಿರುಗಿಸಲು ಸಂಭಾಜಿನಗರಕ್ಕೆ ಹೊರಟವರಿಗೆ ರೈಲು ಮನ್ಮಾಡಿನಲ್ಲಿ ನಿಂತಾಗ ಇಳಿದು ವಾಪಸು ಹೋಗೋಣ ಎಂದೂ ಅನಿಸಿತು. ಇಳಿಯಲಿಲ್ಲ.

ಬೇಗಂ ಹತ್ತಿ ಬಿಡಿಸಿ, ನಾಣ್ಯವನ್ನು ಒಮ್ಮೆ ಹಿಂದೆಮುಂದೆ ತಿರುವಿದರು. ಸದಾನಂದರು ಹುಳಿಯ ಕೈ, ಫೋನಿನ ಜಗಳ ಎಲ್ಲ ಹೇಳಿದರು.

"ಒಂದ್ ಮಗ್ಗಲು ಕೈತಪ್ಪಿ ಆಯ್ತು ಅಂತ ತಿಳ್ಕೋತೀನ್ರಿ. ಇನ್ನೊಂದು?"

ಅದೂ ಹಾಗೇ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ಸುಳ್ಳಿಗೆ ಸದಾನಂದರ ನಾಲಿಗೆ ಹೊರಳಲಿಲ್ಲ. "ಅದು ಬೇಕಂತಲೇ ಬೇಗಂ. ಹಿಂದೆ ಎಂತ ಉಂಟು ನೋಡುವ ಅನಿಸಿತು."

"ನಮ್ಮ ಅಬ್ಬಾಗೂ ಅನ್ನಸ್ತಿತ್ತು. ಸಾಯೂತನ ಅನ್ನಸ್ತಿತ್ತು. ಅವ್ರು ತಿಕ್ಕಲಿಲ್ಲ."

ಬೇಗಂ ಪೆಟ್ಟಿಗೆ ಮುಚ್ಚಿ ಬೀಗ ಹಾಕಿದರು. ಇನ್ನು ಅದು ತನಗಾಗಿ ತೆರೆಯುವುದಿಲ್ಲ ಎಂದು ಸದಾನಂದರಿಗೆ ಗೊತ್ತಾಯಿತು. ಎದ್ದು ಚಪ್ಪಲಿಗೆ ಕಾಲು ಹಾಕಿದರು.

"ಕುಂದರ್ರಿ," ಎಂದರು ಬೇಗಂ. ದನಿಯಲ್ಲಿ ಸಿಟ್ಟು ಆರಿರಲಿಲ್ಲ. ನಾಣ್ಯವನ್ನು ಕಿಟಕಿಯ ಬೆಳಕಿಗೆ ಒಯ್ದು, ಭೂತಗನ್ನಡಿ ಹಿಡಿದರು. "ಏನದರಿ ಇದು, ಬಾಗಲಾ?"

"ಹೌದು. ಮೇಲೊಂದು ನಕ್ಷತ್ರ."

ಬೇಗಂ ಬಹಳ ಹೊತ್ತು ನೋಡಿದರು. ಕಣ್ಣು ತುಂಬಿ ಬಂತು.

"ಅಬ್ಬಾ ಇದರ ಹಿಂದ ಹಡಗ ಇರಬೇಕು ಅಂತಿದ್ರು," ಎಂದರು.