ಹಕ್ಕರಕಿ ತರಲು ಹೋದವಳು

ಎಳ್ಳ ಅಮಾವಾಸ್ಯೆಯ ದಿನ ಅಡಿವೆವ್ವನನ್ನು ಹೊಲದಲ್ಲೇ ಬಿಟ್ಟು ಮನೆಯವರೆಲ್ಲ ಊರಿಗೆ ಹೋದರು. ಬೇಕೆಂದು ಬಿಟ್ಟು ಹೋದವರಲ್ಲ. ಬೇಕೆಂದೇ ಬಿಟ್ಟು ಹೋಗಿದ್ದರೆ ಜಗಳವಾಡಲಿಕ್ಕೆ ಒಂದು ದಾರಿಯಾದರೂ ಇರುತ್ತಿತ್ತು.

ಹೊಳೆಆಲೂರಿನ ಕಡೆ ಚರಗದ ಹಬ್ಬವೆಂದರೆ ಮನೆಗೆ ಬೀಗ ಜಡಿದು ಇಡೀ ಸಂಸಾರ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಹಿಡಿದು, ಆ ಎಡೆಯನ್ನೇ ಚರಗವೆಂದು ಪೈರಿನ ಮೇಲೆ ಚೆಲ್ಲಿ, ತಾವೂ ಹೊಟ್ಟೆ ಬಿರಿಯುವಷ್ಟು ಉಂಡು ಬರುವ ದಿನ. ಉಣ್ಣುವವರು ಎಲ್ಲರೂ, ಮಾಡುವವಳು ಒಬ್ಬಳು. ಎರಡು ದಿನ ಒಲೆಯ ಮುಂದೆ ಕೂತು ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಬಡಿದವಳು, ಕಡುಬು ತುಂಬಿದವಳು, ಬದನೆಕಾಯಿ ಎಣ್ಣೆಗಾಯಿ ಮಾಡಿದವಳು ಅಡಿವೆವ್ವ. ಅವಳ ತಮ್ಮ ಅರ್ಜುನಪ್ಪನ ಹೆಂಡತಿ ಮಾನವ್ವನಿಗೆ ಸೊಂಟನೋವು. ಹಬ್ಬ ಹತ್ತಿರ ಬಂದಷ್ಟೂ ಹೆಚ್ಚಾಗುವ, ಹಬ್ಬದ ದಿನ ಟ್ರ್ಯಾಕ್ಟರ್ ಹತ್ತುವ ಹೊತ್ತಿಗೆ ಸರಿಹೋಗುವ ನೋವು ಅದು.

ಈ ಸಲದ ಹಬ್ಬಕ್ಕೆ ಕಳೆ ಬೇರೆ ಇತ್ತು. ಅರ್ಜುನಪ್ಪನ ಮಗಳು ಪೂಜಾ ಮದುವೆಯಾದ ಮೇಲೆ ಮೊದಲ ಸಲ ಗಂಡನನ್ನು ಕರೆದುಕೊಂಡು ಗಜೇಂದ್ರಗಡದಿಂದ ಕಾರಿನಲ್ಲಿ ಬಂದಿದ್ದಳು. ಅಳಿಯ ಕಳಕೇಶ ಮಾತು ಕಡಿಮೆಯ, ನಯದ ಹುಡುಗ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜೆ ಮುಗಿಸಿ ಎಲ್ಲರೂ ಉಣ್ಣಲು ಕೂತಾಗ ಅವನು ರೊಟ್ಟಿಯ ಜೊತೆ ಹೊಲದ ಹಕ್ಕರಕಿ ಸೊಪ್ಪಿನ ಹಸಿ ಎಲೆಗಳನ್ನು ಬಾಯಿ ಚಪ್ಪರಿಸಿ ತಿಂದ. "ಇಂಥಾ ಎಳೀ ಹಕ್ಕರಕಿ ತಿಂದು ಭಾಳ ವರ್ಷ ಆಗಿತ್ತು" ಎಂದ. ಬಡಿಸುತ್ತ ನಿಂತ ಅಡಿವೆವ್ವನನ್ನು ನೋಡಿ, "ಹೋಗುವಾಗ ದೊಡ್ಡವರು ನಮ್ಮ ಕಾರಿನ್ಯಾಗ ಬರ್ಲಿ. ಟ್ರಾಲಿಯಾಗ ಮೈಕೈ ನೋಯ್ತಾವ" ಎಂದೂ ಹೇಳಿದ. ಯಾರೋ ತನ್ನ ಮೈಕೈಯ ಬಗ್ಗೆ ಮಾತಾಡಿದ್ದು ಕೇಳಿ ಅಡಿವೆವ್ವ ಅವನ ತಾಟಿಗೆ ಇನ್ನೊಂದು ಕಡುಬು ಹಾಕಿದಳು.

ಉಂಡವರೆಲ್ಲ ಬಿಸಿಲಿಗೆ ಕಾಲು ಚಾಚಿ ಮಲಗಿದರು. ಚಳಿಗಾಲದ ಬಿಸಿಲು, ತುಂಬಿದ ಹೊಟ್ಟೆ, ತೆನೆ ಹಿಡಿದ ಬಿಳಿಜೋಳ. ಯಾರಿಗೆ ಏಳುವ ಮನಸ್ಸು ಬಂದೀತು? ಅಡಿವೆವ್ವ ಮಾತ್ರ ಪಾತ್ರೆ ಬೆಳಗಿ ಬುಟ್ಟಿಗೆ ತುಂಬಿಸಿಟ್ಟಳು. ರಾತ್ರಿ ಊಟಕ್ಕೂ ಅಳಿಯನಿಗೆ ಹಕ್ಕರಕಿ ಇರಲಿ ಎನಿಸಿತು. ಫೋನ್ ನೋಡುತ್ತ ಮಲಗಿದ್ದ ಪೂಜಾಳಿಗೆ, "ಆಚೀ ಬದುವಿಗೆ ಹೋಗಿ ಹಕ್ಕರಕಿ ತರ್ತೇನಿ, ಈಗ ಬಂದ್ನಿ" ಎಂದಳು. ಪೂಜಾ ಕಣ್ಣೆತ್ತದೆ "ಹೂಂ" ಎಂದಳು.

ಕುಸುಬಿಯ ಸಾಲು ದಾಟಿ, ಜೋಳದೊಳಗೆ ನುಗ್ಗಿ, ಎಳೆಯದನ್ನೇ ಆರಿಸಿ ಉಡಿ ತುಂಬಿಕೊಂಡು ಬರುವ ಹೊತ್ತಿಗೆ ಬನ್ನಿಗಿಡದ ಬುಡ ಬಣಬಣ ಎನ್ನುತ್ತಿತ್ತು. ಕಾರಿಲ್ಲ, ಟ್ರ್ಯಾಕ್ಟರ್ ಇಲ್ಲ. ಕಪ್ಪು ಮಣ್ಣಿನ ಮೇಲೆ ಗಾಲಿಯ ಗುರುತುಗಳು ಮಾತ್ರ ಉಳಿದಿದ್ದವು. ಬುಟ್ಟಿಗಳೆಲ್ಲ ಹೋಗಿದ್ದವು, ಚಾಪೆ ಹೋಗಿತ್ತು, ನೀರಿನ ಕೊಡ ಹೋಗಿತ್ತು. ಉಪ್ಪಿನ ಡಬ್ಬಿಯ ಮುಚ್ಚಳವನ್ನು ಕೂಡ ಹುಡುಕಿ ಒಯ್ದಿದ್ದರು.

ಅಡಿವೆವ್ವ ಮೊದಲು ನಕ್ಕಳು. ಆದದ್ದು ಏನೆಂದು ಅವಳಿಗೆ ಕೂಡಲೇ ಹೊಳೆಯಿತು. ಟ್ರ್ಯಾಕ್ಟರಿನವರು ಅವಳು ಕಾರಿನಲ್ಲಿ ಬರುತ್ತಾಳೆಂದು ಹೊರಟಿದ್ದಾರೆ, ಕಾರಿನವರು ಟ್ರ್ಯಾಕ್ಟರ್ ಹತ್ತಿದ್ದಾಳೆಂದು ಹೊರಟಿದ್ದಾರೆ. ಊರು ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ಮಾನವ್ವ ಎದೆ ಬಡಿದುಕೊಳ್ಳುತ್ತಾಳೆ, ಅರ್ಜುನ ಎದ್ದೆನೋ ಬಿದ್ದೆನೋ ಎಂದು ಬೈಕು ಹಾರಿಸಿಕೊಂಡು ಬರುತ್ತಾನೆ. ಬಂದವನನ್ನು ಹೇಗೆ ಬೈಯಬೇಕೆಂದೂ ಅವಳು ಯೋಚಿಸಿ ಇಟ್ಟುಕೊಂಡಳು. ಜಾಸ್ತಿ ಬೈಯಬಾರದು, ಅಳಿಯ ಮನೆಯಲ್ಲಿದ್ದಾನೆ.

ಅವಳ ಹತ್ತಿರ ಫೋನ್ ಇರಲಿಲ್ಲ. ಸದಾ ಮನೆಯಲ್ಲೇ ಇರುವವಳಿಗೆ ಫೋನ್ ಯಾತಕ್ಕೆ ಎಂದು ಯಾರೂ ಕೊಡಿಸಿರಲಿಲ್ಲ, ಅವಳೂ ಕೇಳಿರಲಿಲ್ಲ. ಊರು ಅಲ್ಲಿಂದ ಒಂದು ತಾಸಿನ ದಾರಿ. ನಡೆದು ಹೋಗಬಹುದಿತ್ತು. ಆದರೆ ಅಡಿವೆವ್ವ ಕಲ್ಲುಗಳ ಪಕ್ಕದಲ್ಲಿ ಕೂತುಬಿಟ್ಟಳು. ಹುಡುಕಿಕೊಂಡು ಬರಲಿ. ಮೂವತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ಅವರಿಗೆ ತಾನು ಬೇಕಾಗಿ ಹುಡುಕಲಿ.

ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಾಗ ಇಪ್ಪತ್ತೆರಡರ ಅಡಿವೆವ್ವ ಒಂದು ಟ್ರಂಕು ಹಿಡಿದು ತವರಿಗೆ ಬಂದಿದ್ದಳು. ತವರು ಅವಳನ್ನು ಹೊರಗೆ ಹಾಕಲಿಲ್ಲ, ಒಂದು ಕೆಟ್ಟ ಮಾತೂ ಆಡಲಿಲ್ಲ. ಅಪ್ಪ ಅವ್ವ ತೀರಿಕೊಂಡ ಮೇಲೆ ತಮ್ಮನ ಮನೆಯೇ ಅವಳ ಮನೆಯಾಯಿತು. ಪೂಜಾಳನ್ನು ಎತ್ತಿ ಆಡಿಸಿದವಳು, ಜ್ವರ ಬಂದಾಗ ದವಾಖಾನೆಯಲ್ಲಿ ಮಡಿಲಲ್ಲಿ ಹಾಕಿಕೊಂಡು ಕೂತವಳು ಅವಳೇ. ತನ್ನದೆಂದು ಒಂದು ಕೋಣೆಯಿಲ್ಲ, ಒಂದು ಕೂಸಿಲ್ಲ, ಆದರೆ ತಾನಿಲ್ಲದಿದ್ದರೆ ಈ ಮನೆಗೆ ಗೊತ್ತಾಗುತ್ತದೆ ಎಂಬುದೊಂದು ಅವಳ ಹತ್ತಿರ ಇತ್ತು. ಅಷ್ಟು ಇದ್ದರೆ ಸಾಕು ಎಂದು ಅವಳು ಬದುಕಿದ್ದಳು.

ಬಿಸಿಲು ಇಳಿಯಿತು. ಗದಗಿನ ಕಡೆಗೆ ಹೋಗುವ ರೈಲುಗಾಡಿಯ ಸದ್ದು ದೂರದಲ್ಲಿ ಕೇಳಿಸಿ ಸುಮ್ಮನಾಯಿತು. ದಾರಿಯಲ್ಲಿ ಬೈಕಿನ ಸದ್ದು ಬಂದಾಗಲೆಲ್ಲ ಅವಳು ಸೆರಗು ಸರಿಮಾಡಿಕೊಂಡು ಸಿಟ್ಟಿನ ಮುಖ ಮಾಡಿಕೊಳ್ಳುತ್ತಿದ್ದಳು. ಬೈಕು ಮುಂದೆ ಹೋಗುತ್ತಿತ್ತು.

ಮಗ್ಗುಲ ಹೊಲದ ಖಾಜಾಸಾಬ ಕಡಲೆ ನೋಡಿಕೊಂಡು ಬದುವಿನ ಮೇಲೆ ಬಂದ. "ಯಾಕ ಅಕ್ಕಾ, ಒಬ್ಬಾಕೀನ ಕುಂತಿ? ನಿಮ್ಮವರು ಹೋಗಿ ಭಾಳ ಹೊತ್ತಾತಲ್ಲ."

"ಬರ್ತಾರೋ ಅಣ್ಣಾ. ನನ್ನ ಕರಕೊಂಡು ಹೋಗಾಕ ಬರ್ತಾರ."

"ಅರ್ಜುನಪ್ಪಗ ಫೋನ್ ಹಚ್ಚಲೇನು?"

"ಬ್ಯಾಡ" ಎಂದಳು ಅಡಿವೆವ್ವ. ಆಮೇಲೆ ದನಿ ತಗ್ಗಿಸಿ, "ನೀ ಹೇಳಿದ ಮ್ಯಾಲ ಬಂದ್ರ ಅದೇನು ಬಂದಂಗ ಆತು? ತಾವಾಗೇ ಬರ್ಲಿ" ಎಂದಳು.

ಖಾಜಾಸಾಬನಿಗೆ ಎಲ್ಲ ತಿಳಿಯಿತು. ತಿಳಿದದ್ದನ್ನು ತೋರಿಸಿಕೊಳ್ಳುವಷ್ಟು ಒರಟ ಅವನಲ್ಲ. ತನ್ನ ಹೊಲಕ್ಕೆ ಮರಳಿ, ಆಗಲೇ ನೋಡಿ ಮುಗಿಸಿದ ಕಡಲೆಯನ್ನೇ ಮತ್ತೊಮ್ಮೆ ನೋಡುತ್ತ ತಿರುಗಾಡಿದ. ಅವನ ಹೆಂಡತಿ ಖತೀಜಾಬಿ ಎತ್ತಿನ ಚಕ್ಕಡಿಯಲ್ಲಿ ಕೂತು ಕಾದಳು. ಹೊರಗಿನವರಿಬ್ಬರು ಅವಳಿಗಾಗಿ ಕಾಯುತ್ತಿದ್ದರು, ಮನೆಯವರ ಸುಳಿವಿಲ್ಲ. ಹೊತ್ತು ಮುಳುಗಿತು. ತಂಪು ಗಾಳಿ ಬಿಟ್ಟಿತು. ಖಾಜಾಸಾಬ ಚಕ್ಕಡಿಯನ್ನು ಬನ್ನಿಗಿಡದ ತನಕ ತಂದು ನಿಲ್ಲಿಸಿದ. ಅಡಿವೆವ್ವ ಹತ್ತಿ ಕೂತಳು.

ಖತೀಜಾಬಿ ತನ್ನ ಶಾಲು ಬಿಚ್ಚಿ ಅವಳ ಹೆಗಲಿಗೆ ಹೊದಿಸಿದಳು. "ಮನಿ ತುಂಬ ಮಂದಿ ಇದ್ದಾಗ ಹಿಂಗ ಆಗ್ತೈತಿ ಬಿಡ್ರಿ ಅಕ್ಕಾರ" ಎಂದಳು. ಅಡಿವೆವ್ವ ಉಡಿಯಲ್ಲಿದ್ದ ಹಕ್ಕರಕಿಯನ್ನೆಲ್ಲ ಅವಳ ಬುಟ್ಟಿಗೆ ಸುರಿದಳು. ಮನೆಗೆ ಒಯ್ಯುವ ಮನಸ್ಸಾಗಲಿಲ್ಲ. ಓಣಿಯ ತಿರುವಿನಲ್ಲೇ ಇಳಿದಳು. ಮಂದಿ ನೋಡಿದರೆ ನಾಚಿಕೆ, ತನಗಾಗಿ ಅಲ್ಲ, ತಮ್ಮನಿಗಾಗಿ. ಅಷ್ಟಾದ ಮೇಲೂ ತಮ್ಮನ ಮಾನದ ಚಿಂತೆ ಅವಳಿಗೆ.

ಮನೆಯ ಮುಂದೆ ಕಾರು, ಟ್ರ್ಯಾಕ್ಟರ್, ಬೈಕು ಮೂರೂ ಸಾಲಾಗಿ ನಿಂತಿದ್ದವು. ಎಲ್ಲ ದೀಪ ಹತ್ತಿದ್ದವು. ಹಿತ್ತಲ ಬಾಗಿಲಿಂದ ಒಳಗೆ ಬಂದು ಅಡುಗೆಮನೆಯಲ್ಲಿ ನಿಂತಳು. ಯಾರೂ ಅತ್ತಿರಲಿಲ್ಲ, ಯಾರೂ ಹೆದರಿರಲಿಲ್ಲ. ನಡುಮನೆಯಲ್ಲಿ ಟಿವಿ ಹಚ್ಚಿಕೊಂಡು, ಸ್ಟೇಶನ್ ರಸ್ತೆಯಿಂದ ತರಿಸಿದ ಗಿರ್ಮಿಟ್ಟು, ಮಿರ್ಚಿ ತಿನ್ನುತ್ತ, ಹೊದ್ದುಕೊಂಡು ಕೂತಿದ್ದರು. ಎಂಥ ಸುಖದ ಸಂಜೆ!

ಬಾಗಿಲಲ್ಲಿ ಅವಳ ನೆರಳು ಕಂಡ ಪೂಜಾ ಕೂತಲ್ಲಿಂದಲೇ, "ಅತ್ತಿ, ಎಷ್ಟು ಕೂಗೂದು ನಿನಗ? ಚಾ ಇಡು ಅಂತ ಎರಡು ಸಲ ಒದರಿದ್ನಿ" ಎಂದಳು.

"ಇರ್ಲಿ ಬಿಡ, ಹಿತ್ತಲದಾಗ ಅಡ್ಡಾಗಿರಬೇಕು" ಎಂದಳು ಮಾನವ್ವ, ಟಿವಿಯಿಂದ ಕಣ್ಣು ತೆಗೆಯದೆ. ಅರ್ಜುನಪ್ಪ ಅಳಿಯನ ಕಡೆ ತಿರುಗಿ, ಅಭಿಮಾನದಿಂದಲೇ ಹೇಳಿದ: "ನಮ್ಮಕ್ಕ ಇಲ್ಲಂದ್ರ ಈ ಮನಿ ಒಂದು ದಿನ ನಡೆಯೂದಿಲ್ಲ ನೋಡ್ರಿ."

ಅಡಿವೆವ್ವ ತಮ್ಮನ ಮುಖ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಸುಳ್ಳಾಗಿದ್ದರೆ ಸಿಟ್ಟು ಮಾಡಬಹುದಿತ್ತು. ಚಕ್ಕಡಿಯಲ್ಲಿ ಅವಳು ಎಷ್ಟೋ ಮಾತು ಜೋಡಿಸಿಕೊಂಡು ಬಂದಿದ್ದಳು. ಕೊನೆಗೆ ಒಂದೇ ಮಾತು ಹೊರಬಿತ್ತು.

"ನಾ ಈಗ ಹೊಲದಿಂದ ಬಂದ್ನಿ."

ಮಾನವ್ವ ನಕ್ಕಳು. "ನಾವೂ ಹೊಲದಿಂದನ ಬಂದೇವಲ್ರಿ ಅಕ್ಕಾರ. ಎಲ್ಲಾರಿಗೂ ದಣಿವು ಆಗೇತಿ. ಒಂದೀಟು ಲಗೂ ಚಾ ಮಾಡ್ರಿ."

ಕಳಕೇಶ ಮಾತ್ರ ಅವಳ ಕಾಲಿಗೆ ಹತ್ತಿದ ಹಸಿ ಮಣ್ಣು ನೋಡಿದ, ಹೆಗಲ ಮೇಲಿನ ಗುರುತಿಲ್ಲದ ಶಾಲು ನೋಡಿದ. ಏನೋ ಕೇಳಲು ಹೊರಟವನು ಮಾವನ ಮುಖ ನೋಡಿ, ಹೆಂಡತಿಯ ತವರಿನ ಮಾತು ತನಗೇಕೆಂದು ಮತ್ತೆ ಟಿವಿಯ ಕಡೆ ತಿರುಗಿದ.

ಅಡಿವೆವ್ವ ಒಳಗೆ ಹೋಗಿ ಗ್ಯಾಸ್ ಹಚ್ಚಿ ಚಹಾಕ್ಕೆ ನೀರಿಟ್ಟಳು. ಹೊಲದಲ್ಲಿ ಕೂತಿದ್ದಾಗ ಯಾರಾದರೂ ಬಂದಾರು ಎಂಬ ಆಸೆಯಾದರೂ ಇತ್ತು. ಮನೆಗೆ ಬಂದ ಮೇಲೆ ಅದೂ ಉಳಿಯಲಿಲ್ಲ.